ಎಲ್ಲ ಗೊತ್ತಿದ್ದ ದೊರೆಯ ಪಾಠ

ಕೂಳಿಮಠ... ಅಲ್ಲ, ಕೂಲಿಮಠ. ಊರು ಬಿಟ್ಟು ನಾಗಪುರಕ್ಕೆ ಬಂದು ಐವತ್ತು ವರ್ಷವಾಯಿತು ಅನಘಾ, ಆ ಮಾತು ನಾಲಿಗೆಗೆ ಸರಿಯಾಗಿ ಸಿಗುವುದಿಲ್ಲ. ಅಂತೂ ಅದು ಹಿಂದಿನ ಕಾಲದ ಹಳ್ಳಿಶಾಲೆ. ನೆಲಕ್ಕೆ ಮರಳು ಹರವಿ ಮಕ್ಕಳು ಬೆರಳಲ್ಲಿ ಅಕ್ಷರ ತೀಡುತ್ತಿದ್ದರು. ಕಲಿಸುವವರಿಗೆ ಐಗಳು ಎನ್ನುತ್ತಿದ್ದರು.

ಸೂರಪ್ಪನಾಯಕನೆಂಬ ದೊರೆಗೆ ಹದಿನೆಂಟು ಮಂದಿ ಗುರುಗಳು. ಯಾರೇ ಬಾಯಿ ತೆರೆಯಲಿ, "ಗೊತ್ತು, ಮುಂದೆ" ಎನ್ನುತ್ತಿದ್ದ. ಒಂದು ದಿನ ಆಸ್ಥಾನದಲ್ಲಿ ಮೀಸೆ ತಿರುವಿ ಹೇಳಿದ: "ನನಗೆ ಕಲಿಸುವವರು ಈ ಸೀಮೆಯಲ್ಲಿ ಯಾರೂ ಉಳಿದಿಲ್ಲ. ಇನ್ನು ಐಗಳೇಕೆ, ಮಠವೇಕೆ? ಆ ಕೂಲಿಮಠದಲ್ಲಿ ನನ್ನ ಕುದುರೆ ಕಟ್ಟಿ."

ಐಗಳು ಗುರುಪಾದಯ್ಯ ಓಡೋಡಿ ಬಂದರು. "ಮಹಾಸ್ವಾಮಿ, ಮೂವತ್ತು ಮಕ್ಕಳಿದ್ದಾರೆ. ಎಲ್ಲಿ ಕೂರಿಸಲಿ?"

"ನನಗೆ ಹೊಸದೆನಿಸುವ ಒಂದೇ ಒಂದು ಪಾಠ ಹೇಳಿ, ಮಠ ನಿಮ್ಮದು. ನಾಳೆ ಬರುತ್ತೇನೆ. ಸೂರ್ಯ ನೆತ್ತಿಗೆ ಬರುವವರೆಗೆ ಗಡುವು."

ಮರುದಿನ ದೊರೆ ಬಂದ. ಹಿಂದೆಯೇ ಕುದುರೆಯೂ, ಗೂಟ ಹೊತ್ತ ಆಳುಗಳೂ ಬಂದರು. ಕುದುರೆ ಒಳಗೆ ಹೋಯಿತು, ಮಕ್ಕಳು ಅಂಗಳಕ್ಕೆ ಬಂದು ಅಲ್ಲೇ ಮರಳು ಹರವಿ ಕೂತರು.

"ದೇಹ ಮಣ್ಣಿನ ಮಡಕೆ," ಎಂದರು ಐಗಳು.

"ಗೊತ್ತು."

"ಗುರುವಿಲ್ಲದೆ ದಾರಿಯಿಲ್ಲ."

"ಗೊತ್ತು, ಗೊತ್ತು."

"ಎಲ್ಲರೊಳಗೂ ಇರುವ ಆತ್ಮ ಒಂದೇ."

"ತೊಟ್ಟಿಲಲ್ಲೇ ಕಲಿತದ್ದು ಅದು!"

ಒಳಗೆ ಗೂಟ ಬಡಿಯುವ ಸದ್ದು ಶುರುವಾಯಿತು. ಐಗಳ ಮುಖ ಬಾಡಿತು.

ಆಗ ದೊರೆಯ ವಿದೂಷಕ ಬೊಪ್ಪಣ್ಣ ಕೈ ಮುಗಿದ. "ಪ್ರಭು, ಮಠದ ಪದ್ಧತಿಯೊಂದಿದೆ. ಪಾಠ ಬಂತು ಎಂದವನು ಅದನ್ನು ಹೊಸದಾಗಿ ಸೇರಿದ ಮಗುವಿಗೆ ಹೇಳಿಕೊಡಬೇಕು. ಮಗು ತಲೆಯಾಡಿಸಿದರೆ ಇವನಿಗೂ ಬಂದ ಹಾಗೆ."

"ನನಗೂ ಪದ್ಧತಿಯೇನೋ?"

"ಬೇಡ ಬಿಡಿ. ದೊರೆಗಳು ಕುಂಬಾರರ ಹುಡುಗಿಗೆ ಹೆದರಿದರು ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ."

ದೊರೆ ಧಡಕ್ಕನೆ ಮರಳಿನ ಮೇಲೆ ಕೂತ. ಎದುರಿಗೆ ಆ ಕುಂಬಾರರ ಹುಡುಗಿ, ಐದು ವರ್ಷದ ಚೆನ್ನಿ.

"ನೋಡು ಮಗು, ನಾನೂ ನೀನೂ ಒಂದೇ."

"ಹೌದಾ ಮಾವ?"

"ಹೌದು. ಬೇರೆ ಬೇರೆ ಅನ್ನುವುದೆಲ್ಲ ಸುಳ್ಳು."

ಚೆನ್ನಿ ಕೈ ಚಾಚಿದಳು. "ಹಾಗಾದ್ರೆ ಈ ಮುತ್ತಿನ ಪೇಟ ನಂಗೆ ಕೊಡು."

ದೊರೆ ಎರಡೂ ಕೈಯಲ್ಲಿ ಪೇಟ ಹಿಡಿದುಕೊಂಡ. "ಏಯ್! ಇದು ನನ್ನದು!"

"ಒಂದೇ ಅಂದೆ?"

"ಒಂದೇ. ಆದರೆ ತಲೆ ಬೇರೆ."

"ನಿನ್ ಕುದುರೆನೂ ನಾವೂ ಒಂದೇನಾ?"

"ಅದೂ ಒಂದೇ."

"ಮತ್ತೆ ಅದು ಒಳಗೆ, ನಾವು ಬಿಸಿಲಲ್ಲಿ. ಯಾಕೆ ಮಾವ?"

ದೊರೆ ಐಗಳ ಕಡೆ ನೋಡಿದ, ಐಗಳು ಆಕಾಶ ನೋಡಿದರು. ದೊರೆ ಬೆವರೊರೆಸಿಕೊಂಡ. ಕೊನೆಗೆ, "ಅಯ್ಯೋ ಮಾರಾಯ್ತಿ, ನಿನಗೆ ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ!" ಎಂದ.

ಬೊಪ್ಪಣ್ಣ ಚಪ್ಪಾಳೆ ತಟ್ಟಿದ. "ಐಗಳೇ, ಗಂಟೆ ಬಾರಿಸಿ! ಪಾಠ ಮುಗಿಯಿತು."

"ಯಾವ ಪಾಠವೋ?" ದೊರೆ ಗುಡುಗಿದ.

"'ಗೊತ್ತಿಲ್ಲ' ಎನ್ನುವ ಪಾಠ, ಪ್ರಭು. ಹದಿನೆಂಟು ಗುರುಗಳು ಹೆಣಗಿದರೂ ಅದು ನಿಮ್ಮ ಬಾಯಿಗೆ ಬಂದಿರಲಿಲ್ಲ. ಕಲಿಯುವವರು ಶುರು ಮಾಡುವುದೇ ಅಲ್ಲಿಂದ. ಇವತ್ತು ನಿಮಗೆ ಅಕ್ಷರಾಭ್ಯಾಸವಾಯಿತು. ಗುರುಗಳಿಗೆ ಕಾಣಿಕೆ ಕೊಡಿ."

ಆಳುಗಳು ಗೂಟ ಬಡಿಯುವುದು ಬಿಟ್ಟು ಹೊರಗೆ ಇಣುಕಿದರು. ದೊರೆಯ ಮೀಸೆ ಮೊದಲು ನಡುಗಿತು, ಆಮೇಲೆ ಹೊಟ್ಟೆ ಕುಲುಕಿತು. ನಕ್ಕ ರಭಸಕ್ಕೆ ಪೇಟ ತಾನೇ ಉರುಳಿಬಿತ್ತು.

"ಗೂಟ ಕೀಳಿರೋ!" ಎಂದು ಕೂಗಿ, ಚೆನ್ನಿಗೆ ಕೈ ಮುಗಿದು ಕೇಳಿದ: "ಗುರುಗಳೇ, ತಮಗೇನು ಕಾಣಿಕೆ ಬೇಕು?"

"ಸ್ವಲ್ಪ ಆ ಕಡೆ ಸರಿ ಮಾವ," ಎಂದಳು ಚೆನ್ನಿ. "ನಾನು ಬರೆದ ಅಕ್ಷರದ ಮೇಲೆ ಕೂತಿದ್ದೀಯ."

ದೊರೆ ಸರಿದು ಕೂತ.

ಏನಂದೆ ಅನಘಾ? ಈ ಕತೆ ನಿನಗೆ ಗೊತ್ತಾ? ಹಾಗಾದರೆ ಬಾರೇ, ಪೆನ್ನು ತಗೋ. ನೀನೇ ಬರೆ, ನೋಡೋಣ.