ಅರಿಶಿನದ ದಿಣ್ಣೆ

ಊರ ಬಡಗಲಿಗೆ, ಹುಣಸೆಮರ ದಾಟಿದ ಮೇಲೆ ಕಾಣೋ ದಿಣ್ಣೆಗೆ ಅರಿಶಿನದ ದಿಣ್ಣೆ ಅಂತಾರೆ. ಅಲ್ಲಿ ಅರಿಶಿನದ ಒಂದು ಗಿಡಾನೂ ಇಲ್ಲ. ಸುತ್ತ ಎಲ್ಲಾ ಕೆಮ್ಮಣ್ಣು, ಅದೊಂದು ಮಾತ್ರ ಬಾಣಲೆ ತಳದಂಗೆ ಕಪ್ಪು. ಹೊರಗಿನೋರು ಬಂದು, ಯಾಕೆ ಈ ಹೆಸರು ಅಂತ ಕೇಳ್ತಾರೆ. ಹೆಬ್ಬೆಟ್ಟಾದ್ರೂ ಇದನ್ನ ಬುಡದಿಂದ ಬಲ್ಲೋನು ಈ ಹೋಬಳೀಲಿ ನಾನೊಬ್ನೇ. ಬೇರೆಯೋರು ಹೇಳೋದೆಲ್ಲ ಅರ್ಧಂಬರ್ಧ.

ಹಿಂದೆ ಒಂದು ಕಾಲದಲ್ಲಿ ಈ ದಿಣ್ಣೆ ಈರಬೊಮ್ಮ ಅನ್ನೋ ಗೌಡಂದಾಗಿತ್ತಂತೆ. ನೇಗಿಲು ಹೂಡಿದ್ರೆ ಗುಳ ಟಣ್ ಅನ್ನೋ ಬರಡು. ತಂಗಿ ದುಗ್ಗವ್ವನ್ನ ಇದ್ಲು ಸುಡೋ ಮೂಡ್ಲಪ್ಪಂಗೆ ಕೊಟ್ಟಾಗ, ಹಸೆಮಣೆ ಮುಂದೆ, ಹತ್ತು ಜನ ಕೇಳೋ ಹಂಗೆ, "ಆ ದಿಣ್ಣೆ ನಿನ್ನ ಅರಿಶಿನ ಕುಂಕುಮಕ್ಕೆ ಕಣವ್ವ" ಅಂದ. ತಂಗಿಗೆ ಹೊಲ ಕೊಟ್ಟ ದೊಡ್ಡಮನುಷ್ಯ ಅಂತ ಹೆಸರು ಬಂತು, ಕೈಬಿಟ್ಟು ಹೋಗಿದ್ದು ಬರೀ ಕಲ್ಲು. ಗಂಡ ಹೆಂಡ್ತಿ ಗುಂಡಿ ತೋಡಿ, ಜಾಲಿ ಕೊಂಬೆ, ತೊಗರಿ ಕಟ್ಟಿಗೆ ತುಂಬಿ, ಬೆಂಕಿ ಹಾಕಿ ಮಣ್ಣು ಮುಚ್ಚಿ, ಬೂದಿ ಆಗಕ್ಕೆ ಬಿಡದೆ ಇದ್ಲು ಮಾಡಿದ್ರು. ಅದನ್ನ ಕುಟ್ಟಿ, ದನದ ಗಂಜಲದಲ್ಲಿ ನೆನೆಹಾಕಿ, ತಿಪ್ಪೇಲಿ ಮಾಗಿಸಿ ಹೊಲಕ್ಕೆ ಬೆರೆಸಿದ್ರು. ವರ್ಷ ವರ್ಷಾನೂ ಇದೇ ಗೇಮೆ. ಮಣ್ಣು ಕಪ್ಪಾಯ್ತು, ಮೆತ್ತಗಾಯ್ತು, ಬಿದ್ದ ಹನೀನ ಹಿಡ್ಕೊಳ್ತು. ಊರ ರಾಗಿ ಬಾಡಿದಾಗ್ಲೂ ದಿಣ್ಣೆ ರಾಗಿ ಸೊಂಟದ ಮಟ್ಟ ನಿಲ್ತಿತ್ತು. ಈರಬೊಮ್ಮನ ಕಣ್ಣು ಅಲ್ಲೇ ನೆಟ್ಟಿತು.

ಆಮೇಲೆ ಮೂಡ್ಲಪ್ಪ ಹಾವು ಕಚ್ಚಿ ಸತ್ತ. ತಿಥಿ ಊಟದ ಎಲೆ ಎತ್ತೋ ಮುಂಚೆನೇ ಅಣ್ಣ ಬಾಯಿಬಿಟ್ಟ: "ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದು. ಈಗ ಅರಿಶಿನ ಎಲ್ಲಿ, ಕುಂಕುಮ ಎಲ್ಲಿ? ಹೊಲ ನಂದು." ಕಂಕುಳಲ್ಲಿ ಮಗು ಇಟ್ಕೊಂಡು ದುಗ್ಗವ್ವ, "ಅಣ್ಣಯ್ಯ, ಹಸೆಮಣೆ ಮುಂದೆ ಆಡಿದ ಮಾತದು" ಅಂದ್ಲು. "ಹೂಂ ಕಣವ್ವ, ಅದೇ ಮಾತೇ ಹೇಳ್ತಿರೋದು" ಅಂದ. ಮದುವೇಲಿ ಕೇಳಿಸ್ಕೊಂಡಿದ್ದ ಹತ್ತು ಜನಾನೂ ಪಾಯಸದ ಕೈ ನೆಕ್ಕೊಂಡು ತಲೆ ಬಗ್ಸಿದ್ರು. ಕಿತ್ಕೊಂಡ ದಿಣ್ಣೆ ಸಾಲದು ಅಂತ ಈರಬೊಮ್ಮ ತನ್ನ ಕೆಳಗಿನ ಹೊಲಕ್ಕೂ ಗಾಡಿಗಟ್ಟಲೆ ಇದ್ಲು ಸುರಿಸಿದ. ನೆನೆಸಿಲ್ಲ, ಮಾಗಿಸಿಲ್ಲ. ಆ ಹಸಿ ಇದ್ಲು ಮಣ್ಣಿನ ಸಾರಾನೇ ಹೀರ್ಕೊಂಡು, ರಾಗಿ ಗೇಣುದ್ದಕ್ಕೇ ಬಿಳಿಚ್ಕೊಂಡು ನಿಂತ್ಬಿಡ್ತು. ನಾಚಿಕೆ ಬಿಟ್ಟು ತಂಗಿ ಗುಡಿಸಲಿಗೆ ಹೋಗಿ, "ಇದ್ಲಿಗೆ ಏನು ಹಾಕ್ತಿದ್ರಿ, ಹೇಳವ್ವ" ಅಂದ. ಅವಳು ಬೀಸೋ ಕಲ್ಲು ನಿಲ್ಲಿಸ್ಲಿಲ್ಲ. "ನಿನ್ನ ಭಾವನ್ನ ಕೇಳಣ್ಣಯ್ಯ" ಅಂದ್ಲಂತೆ.

ದಿಣ್ಣೆಗೆ ತನ್ನ ಹೆಸರು ಇಡಿಸೋಕೆ ಈರಬೊಮ್ಮ ಸಾಯೋಗಂಟ ಒದ್ದಾಡಿದ. ಊರೋರು ಅವನ ಎದುರಿಗೇ ಅರಿಶಿನದ ದಿಣ್ಣೆ ಅಂದ್ರು. ತಿಥಿ ದಿನ ತೆರೀದ ಬಾಯಿ ಆಮೇಲೆ ತೆರೆದು ಏನು ಬಂತು? ಈಗ್ಲೂ ಅಲ್ಲಿ ಕೆದಕಿದ್ರೆ ಇದ್ಲು ಚೂರು ಸಿಗ್ತವೆ, ರಾಗಿ ಸೊಂಟದ ಮಟ್ಟ ಬರುತ್ತೆ. ಹೊಲ ಇರೋದು ಈರಬೊಮ್ಮನ ವಂಶದೋರ ಕೈಲೇ. ಕೊಯ್ಯೋರು ನಾವು, ದುಗ್ಗವ್ವನ ಕಡೆಯೋರು. ಕೂಲಿಗೆ.