ಕೊನೆಗೆ ಬಂದ ಸುದ್ದಿ

ಹೊಳೆದಂಡೆಯ ಮಠದಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರೊಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆ ಒಂದು ವರ್ಚುವಲ್ ಮಷೀನ್ ನಡೆಯುತ್ತಿತ್ತು. ಹೊಳೆ ಏರಿದರೆ ಸೈರನ್ ಕೂಗಿಸುವುದು ಅದರ ಕೆಲಸ. ಮಷೀನ್ ನಡೆಯುತ್ತಿದ್ದರೆ ದಡದಲ್ಲಿ ಹಸಿರು ದೀಪ, ನಿಂತರೆ ಕೆಂಪು. ಅದು ಎದ್ದರೆ 'ಎದ್ದೆ', ನಿಂತರೆ 'ನಿಂತೆ' ಎಂದು ಹೊರಗಿನ ಕಂಪ್ಯೂಟರ್ ಅದರ ಪರವಾಗಿ ದೀಪಕ್ಕೆ ಸುದ್ದಿ ಕಳಿಸುತ್ತಿತ್ತು.

ಆ ದೀಪ ನೋಡಿಯೇ ಅಂಬಿಗರ ದ್ಯಾಮವ್ವ ಹರಿಗೋಲು ನೀರಿಗಿಳಿಸುತ್ತಿದ್ದಳು.

ಒಂದು ದಿನ ಡಿಸ್ಕ್ ಕೈಕೊಟ್ಟು ಮಷೀನ್ ನಿಂತಿತು. ಶಿಷ್ಯ ಚನ್ನವೀರ ಅದನ್ನು ಮತ್ತೆ ಚಾಲೂ ಮಾಡಿದ. ದೀಪ ಹಸಿರಾಯಿತು. ಅವನು ನಿಶ್ಚಿಂತೆಯಿಂದ ಪ್ರಸಾದಕ್ಕೆ ಹೋದ.

ಹೊಳೆ ಏರಿತು. ಸೈರನ್ ಕೂಗಲಿಲ್ಲ. ಹಸಿರು ದೀಪ ನೋಡಿ ಹೊರಟಿದ್ದ ದ್ಯಾಮವ್ವನ ಹರಿಗೋಲು ಬಂಡೆಗೆ ಬಡಿದು ಹರಿದುಹೋಯಿತು. ಅವಳು ಹೇಗೋ ಬದುಕಿದಳು. ಆದರೆ ಅವಳ ಬಲಗೈ ಇನ್ನು ಹುಟ್ಟು ಹಿಡಿಯುವುದಿಲ್ಲ ಎಂದರು ಡಾಕ್ಟರು.

ಚನ್ನವೀರ ಊಟ ನಿದ್ದೆ ಬಿಟ್ಟು, ತಪ್ಪೆಲ್ಲಿ ಎಂದು ಹುಡುಕುತ್ತ ಯಂತ್ರದ ಮುಂದೆ ಕೂತ. ದ್ಯಾಮವ್ವನನ್ನು ನೋಡಿಕೊಂಡು ಬಂದ ಗುರುಗಳು ಬಾಗಿಲಲ್ಲಿ ನಿಂತು ಕೇಳಿದರು.

"ಸಿಕ್ತೇನೋ ತಮ್ಮಾ?"

"ಸಿಕ್ತು ಅಜ್ಜಾರ. ಡಿಸ್ಕ್ ಇನ್ನೂ ಸರಿ ಆಗಿರಲಿಲ್ಲ. ಮಷೀನ್ ಎದ್ದು ಅದನ್ನ ಮುಟ್ಟಿದ್ದ ತಡ, ಮತ್ತ ನಿಂತತಿ. 'ನಿಂತೆ' ಅಂತ ಹೇಳೂ ಹೇಳೇತಿ."

"ಮತ್ತ ದೀಪ ಯಾಕ ಹಸಿರು?"

"'ಎದ್ದೆ' ಅನ್ನೋ ಸುದ್ದಿ ಅದರ ಹಿಂದ ಬಂತು. ದೀಪ ಕೊನೀ ಸುದ್ದಿ ನಂಬತೈತಿ."

"ಎರಡರಾಗ ಸುಳ್ಳು ಯಾವುದು?"

"ಯಾವುದೂ ಸುಳ್ಳಲ್ರೀ. ಎದ್ದದ್ದೂ ಖರೇ, ನಿಂತದ್ದೂ ಖರೇ. ಸುದ್ದಿ ಹಿಂದುಮುಂದಾತು."

"'ಎದ್ದೆ' ಅನ್ನಾಕ ಅದಕ್ಯಾಕ ಅಷ್ಟು ತಡ ಆತು?"

ಚನ್ನವೀರ ತಲೆ ತಗ್ಗಿಸಿದ. "ಪೂರಾ ಎಬ್ಬಿಸಿದ ಮ್ಯಾಲೆ ಹೇಳೋ ಹಂಗ ನಾನ ಪ್ರೋಗ್ರಾಂ ಬರದಿದ್ದೆ. ಮೊದಲು ಮಾಡು, ಆಮ್ಯಾಲೆ ಹೇಳು ಅಂತ ನೀವ ಕಲಿಸಿದ್ರಿ."

ಗುರುಗಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅವರ ಕಣ್ಣುಗಳು ಒದ್ದೆಯಾಗಿದ್ದವು.

"ಹೌದು, ನಾನ ಕಲಿಸಿದ್ದೆ. ಜಂಬ ಬ್ಯಾಡ ಅಂತ ಕಲಿಸಿದ್ದೆ. ಬಿದ್ದ ಸುದ್ದಿ ಮುಚ್ಚಿಹೋಗಲಿ ಅಂತಲ್ಲ." ಕಣ್ಣೊರೆಸಿಕೊಂಡು ಕೇಳಿದರು, "ಈಗೇನ್ ಮಾಡ್ತಿ?"

"ಏಳೋದರ ಮುಂಚೇನ 'ಎದ್ದೆ' ಅನ್ನೋ ಸುದ್ದಿ ಕಳಿಸ್ತೇನ್ರಿ. ಆಮ್ಯಾಲೆ ಬಿದ್ದರ ಬಿದ್ದ ಸುದ್ದೀನ ಕೊನೀಗೆ ಬರತೈತಿ."

"ದ್ಯಾಮವ್ವಗ ಹೇಳಿದ್ಯಾ?"

"ಯಾವ ಮುಖ ಹೊತ್ಗೊಂಡು ಹೋಗಲಿ ಅಜ್ಜಾರ? ಇದನ್ನ ರಿಪೇರಿ ಮಾಡಿ, ಅಕಿಗೊಂದು ಹೊಸ ಹರಿಗೋಲು ಕಟ್ಟಿಸಿ, ಆಮ್ಯಾಲೆ ಹೋಗಿ ಕಾಲಿಗೆ ಬೀಳ್ತೇನ್ರಿ."

ಗುರುಗಳು ಗೋಡೆ ಹಿಡಿದು ಎದ್ದರು. ಹೊರಗೆ ಹೋಗಿ, ಶಿಷ್ಯನ ಚಪ್ಪಲಿ ಕೈಯಲ್ಲಿ ಹಿಡಿದು ತಂದು ಅವನ ಕಾಲ ಬಳಿ ಇಟ್ಟರು.

"ಅಜ್ಜಾರ!" ಚನ್ನವೀರ ದಿಗ್ಗನೆ ಎದ್ದು ನಿಂತ.

"'ದೀಪ ಕೆಂಪ ಇದ್ದಿರಬೇಕು, ನನಗ ಹಸಿರು ಕಂಡೈತಿ' ಅಂತ ಅಕಿ ಬಂದವರ ಮುಂದೆಲ್ಲಾ ತನ್ನ ಕಣ್ಣನ್ನ ಬೈಕೊಳ್ಳಾಕತ್ತಾಳ. ನಡಿ ತಮ್ಮಾ."