ಹನ್ನೆರಡನೆಯ ಸ್ಟೂಲು

ಪೂಜ್ಯ ಸಂತಿಯಾಗು ಸ್ವಾಮಿಗಳು ನಮ್ಮ ಮರಳೇಕೊಪ್ಪಲಿನ ಕ್ರೈಸ್ತ ಗುಡಿಗೆ ಗುರುಗಳಾಗಿ ಬಂದಾಗ ಅವರ ಬಳಿ ಇದ್ದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಹಳೇ ಕೊಡೆ. ಗುಡಿಯ ಪಕ್ಕದ ಹೆಂಚಿನ ಕೋಣೆಯಲ್ಲಿ ಹಲ್ಲಿಗಳ ಜೊತೆ ವಾಸ. ರಾಗಿಮುದ್ದೆ ನುಂಗಲು ಬಾರದೆ ಅಗಿದು ತಿನ್ನುತ್ತಿದ್ದರು. ಅದನ್ನು ಕಂಡು ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು, ಅವರೂ ಜೊತೆಗೆ ನಗುತ್ತಿದ್ದರು. ಇಂಥವರನ್ನು ಸಂತರೆಂದು ಗುರುತಿಸುವಷ್ಟು ಬುದ್ಧಿ ಆಗ ನಮಗ್ಯಾರಿಗೂ ಇರಲಿಲ್ಲ. ನಮ್ಮಪ್ಪನಿಗಂತೂ ಇರಲೇ ಇಲ್ಲ.

ಅಪ್ಪ, ಇನ್ನಾಸಪ್ಪನವರು, ಗುಡಿಯ ಉಪದೇಶಿ. ಮೂವತ್ತು ವರ್ಷ ಊರ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಟ್ಟವರು. ಪ್ರಶ್ನೆ ಬಾಯಿಂದ ಬೀಳುವಷ್ಟರಲ್ಲಿ ಉತ್ತರ ಬರಬೇಕು, ಇಲ್ಲವಾದರೆ ಕಿವಿ ಹಿಂಡುತ್ತಿದ್ದರು. ನನ್ನ ಕಿವಿ ಅದನ್ನು ಇಂದಿಗೂ ಮರೆತಿಲ್ಲ.

ಪವಿತ್ರ ಗುರುವಾರದ ಸಂಜೆ, ಯೇಸುಸ್ವಾಮಿಯವರು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ, ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವುದು ಪದ್ಧತಿ. ಅದಕ್ಕೆಂದೇ ನಮ್ಮ ಗುಡಿಯಲ್ಲಿ ಹನ್ನೆರಡು ಹಲಸಿನ ಮರದ ಸ್ಟೂಲುಗಳಿದ್ದವು. ಒಂದೊಂದು ಒಬ್ಬೊಬ್ಬ ಶಿಷ್ಯನದು, ಒಂದೊಂದು ಮನೆತನದ ಹಕ್ಕು. ಆದರೆ ಹನ್ನೆರಡನೆಯದು ಯೂದಾಸನದು, ಒಡೆಯ ಯೇಸುವನ್ನು ಶತ್ರುಗಳಿಗೆ ಹಿಡಿದುಕೊಟ್ಟವನದು. ಅದರ ಮೇಲೆ ಯಾರು ತಾನೇ ಕೂತಾರು? ಹಿಂದೊಮ್ಮೆ ಪರವೂರಿನ ಗಾಡಿಯವನಿಗೆ ಹೊಸ ಪಂಚೆಯ ಆಸೆ ತೋರಿಸಿ ಕೂರಿಸಿದ್ದರಂತೆ. ಆಮೇಲೆ ಸಂತೆಯಲ್ಲಿ ಕಂಡಕಂಡವರೆಲ್ಲ "ಏನ್ ಯೂದಾಸಪ್ಪಾ, ಚೆನ್ನಾಗಿದೀಯಾ?" ಎಂದು ಅವನನ್ನು ಗೋಳುಹೊಯ್ದುಕೊಂಡರು. ಪಾಪ, ಅವನು ಪಂಚೆಯನ್ನು ತಂದು ಗುಡಿಯ ಬಾಗಿಲಿಗೆ ಎಸೆದು ಹೋದನಂತೆ. ಅಂದಿನಿಂದ ಆ ಸ್ಟೂಲು ಖಾಲಿ.

ಸ್ವಾಮಿಗಳು ಬಂದ ಮೊದಲ ವರ್ಷ ಹನ್ನೊಂದು ಮಂದಿಯ ಪಾದ ತೊಳೆದು, ಖಾಲಿ ಸ್ಟೂಲಿನ ಮುಂದೆಯೂ ಮಂಡಿಯೂರಿದರು.

"ಅದನ್ನ ಬಿಡಿ ಸ್ವಾಮಿ, ಅದು ಯೂದಾಸಂದು," ಎಂದು ಹೂಜಿ ಹಿಡಿದಿದ್ದ ಅಪ್ಪ ಪಿಸುಗುಟ್ಟಿದರು.

ಸ್ವಾಮಿಗಳು ಏಳಲಿಲ್ಲ. ಬೇರೆ ದಾರಿ ಕಾಣದೆ ಅಪ್ಪ ನೀರು ಹೊಯ್ದರು. ಪಾದವಿಲ್ಲದ ಕಡೆ ನೀರು ಸೀದಾ ಬೋಗುಣಿಗೆ ಬಿತ್ತು. ಸ್ವಾಮಿಗಳು ಟವಲನ್ನು ಮಡಿಸಿ ಸ್ಟೂಲಿನ ಮೇಲಿಟ್ಟು, ತಲೆಬಾಗಿ ಎದ್ದರು.

ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ಅಲ್ಲಿ ದೇವದೂತರು ಕೂತಿರುತ್ತಾರೆ, ಸ್ವಾಮಿಗಳ ಕಣ್ಣಿಗೆ ಮಾತ್ರ ಕಾಣುತ್ತಾರೆ ಎಂದರು ಕೆಲವರು. "ಮರಕ್ಕೆ ಸ್ನಾನ ಮಾಡಿಸ್ತಾರೆ ಕಣೇ ನಿಮ್ಮ ಸ್ವಾಮಿ!" ಎಂದು ಅಪ್ಪ ಅಮ್ಮನ ಮುಂದೆ ರೇಗಿದರು. ಎರಡನೆಯ ವರ್ಷವೂ ಹಾಗೇ ಆಯಿತು, ಮೂರನೆಯ ವರ್ಷವೂ. ನನಗೆ ತಡೆಯಲಾಗಲಿಲ್ಲ. ಒಂದು ದಿನ ಊಟ ಕೊಡಲು ಹೋದವಳು ಕೇಳಿಯೇಬಿಟ್ಟೆ, "ಅಲ್ಲಿ ಯಾರ ಕಾಲು ತೊಳೀತೀರಿ ಸ್ವಾಮಿ?"

"ಅವರಿನ್ನೂ ಬಂದಿಲ್ಲ ಕಣಮ್ಮಾ," ಎಂದರು. ಅಷ್ಟೇ. ಇದೊಂದು ಉತ್ತರವೇ? ನನ್ನ ಕುತೂಹಲ ಇಮ್ಮಡಿಯಾಯಿತು.

ನಾಲ್ಕನೆಯ ವರ್ಷ ನನ್ನ ಮದುವೆ ಗೊತ್ತಾಗಿತ್ತು. ನಮ್ಮದು ರೇಷ್ಮೆ ಹುಳು ಸಾಕುವ ಮನೆ, ಆ ಬೆಳೆಯ ಗೂಡಿನ ಮೇಲೆಯೇ ಮದುವೆ ನಿಂತಿತ್ತು. ಪಕ್ಕದ ಹೊಲದ ಚೌರಪ್ಪನಿಗೂ ಅಪ್ಪನಿಗೂ ಬದುವಿನ ಜಗಳ. ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆ ಇನ್ನೂ ವಾರವಿರುವಾಗ, ಒಂದು ಮಧ್ಯಾಹ್ನ, ಅವನು ನಮ್ಮ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆಗೆ ಹೊಗೆಸೊಪ್ಪಿನ ನೀರು ಚಿಮುಕಿಸಿದ. ಹೊಗೆಸೊಪ್ಪು ರೇಷ್ಮೆ ಹುಳುವಿಗೆ ವಿಷ. ಸಂಜೆಯೊಳಗೆ ತಟ್ಟೆ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಒದ್ದಾಡಿ, ಹಸಿರು ಕಕ್ಕಿ ಸತ್ತವು. ಅಮ್ಮ ಎದೆ ಬಡಿದುಕೊಂಡು ಅತ್ತಳು. ಇನ್ನೊಂದು ಬೆಳೆಯವರೆಗೆ ಕಾಯುತ್ತೇವೆ, ಅದರಾಚೆಗೆ ಇಲ್ಲ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದರು.

ಚೌರಪ್ಪ ಸಿಕ್ಕಿಬಿದ್ದ. ಆದರೆ 'ತಪ್ಪಾಯ್ತು' ಎನ್ನಲಿಲ್ಲ. ಊರು ಅವನ ಜೊತೆ ಮಾತು ಬಿಟ್ಟಿತು, ಯೂದಾಸ ಎಂದು ಹೆಸರಿಟ್ಟಿತು. ಅಪ್ಪನಂತೂ ಅಂದಿನಿಂದ ನಮ್ಮ ತೋಟದ ಸೊಪ್ಪನ್ನೂ ಮೂಸಿ ನೋಡದೆ ತಟ್ಟೆಗೆ ಹಾಕುತ್ತಿರಲಿಲ್ಲ.

ಪವಿತ್ರ ಗುರುವಾರ ಬಂತು. ಸ್ವಾಮಿಗಳು ಹನ್ನೊಂದನೆಯವರ ಪಾದ ಒರೆಸುತ್ತಿದ್ದಾಗ ಚೌರಪ್ಪ ಕೆಸರು ಕಾಲಲ್ಲೇ ದಡದಡನೆ ಒಳಗೆ ಬಂದು ಹನ್ನೆರಡನೆಯ ಸ್ಟೂಲಿನ ಮೇಲೆ ಕೂತುಬಿಟ್ಟ.

"ಯೂದಾಸ ಯೂದಾಸ ಅಂತೀರಲ್ಲ, ಇಗೋ, ನನ್ನ ಜಾಗದಲ್ಲೇ ಕೂತಿದೀನಿ. ಅದೇನ್ ಮಾಡ್ಕೋತೀರೋ ಮಾಡ್ಕೊಳಿ!"

ಗಂಡಸರು ತೋಳೇರಿಸಿಕೊಂಡು ಎದ್ದರು. ಸ್ವಾಮಿಗಳು ಕೈಯೆತ್ತಿ ಅವರನ್ನು ತಡೆದರು. ಆ ಕ್ಷಣದ ಅವರ ಮುಖವನ್ನು ನಾನು ಕಣ್ಣಾರೆ ಕಂಡೆ. ಬಹುದಿನ ಕಾದ ನೆಂಟ ಬಾಗಿಲಿಗೆ ಬಂದಾಗ ಅರಳುವಂತೆ ಅರಳಿತ್ತು.

"ಬಂದೆಯಾ ಮಗನೇ," ಎಂದು ಅವನ ಮುಂದೆ ಮಂಡಿಯೂರಿ, ಕೆಸರು ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದರು.

ಅಪ್ಪನ ಹೂಜಿ ಬಗ್ಗಲಿಲ್ಲ. "ನನ್ನ ಕೈಲಾಗಲ್ಲ ಸ್ವಾಮಿ. ನನ್ನ ಮಗಳ ಬಾಳಿಗೆ ಕಲ್ಲು ಹಾಕಿದೋನು ಇವನು. ತಪ್ಪಾಯ್ತು ಅಂತ ಒಂದ್ ಮಾತೂ ಅಂದಿಲ್ಲ." ಹೆಂಗಸರ ಸಾಲಿನಲ್ಲಿ ಕೂತಿದ್ದ ನಾನೂ, ಸುಳ್ಳೇಕೆ ಹೇಳಲಿ, ಹೊಯ್ಯಬೇಡಪ್ಪಾ ಎಂದೇ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ.

ಸ್ವಾಮಿಗಳು ತಲೆಯೆತ್ತದೆ, ಮೆಲ್ಲಗೆ, ಜ್ಞಾನೋಪದೇಶದ ತರಗತಿಯಲ್ಲಿ ಕೇಳುವ ಹಾಗೆ ಕೇಳಿದರು: "ಉಪದೇಶಿಗಳೇ, ಆ ಸಂಜೆ ಒಡೆಯರು ಎಷ್ಟು ಮಂದಿಯ ಪಾದ ತೊಳೆದರು?"

"ಹನ್ನೆರಡು," ಎಂದರು ಅಪ್ಪ.

ಮೂವತ್ತು ವರ್ಷದ ಅಭ್ಯಾಸ ನೋಡಿ, ಯೋಚಿಸುವ ಮೊದಲೇ ಉತ್ತರ ಬಾಯಿಗೆ ಬಂದಿತ್ತು. ಹೇಳಿದ ಮೇಲೆ ಅಪ್ಪ ತಾವೇ ಬೆಚ್ಚಿಬಿದ್ದರು. ಹಿಡಿದುಕೊಡಲೆಂದು ಯೂದಾಸ ಎದ್ದು ಹೊರಗೆ ಹೋದದ್ದು ಪಾದ ತೊಳೆದಾದ ಮೇಲೆ. ಅವನು ಮಾಡಲಿರುವುದು ಗೊತ್ತಿದ್ದೂ ಒಡೆಯರು ಅವನ ಪಾದ ತೊಳೆದಿದ್ದರು. ವರ್ಷವರ್ಷವೂ ಅದನ್ನು ಓದಿಸಿಕೊಂಡು ಕೇಳುತ್ತಿದ್ದ ನಾವು ಹನ್ನೊಂದಕ್ಕೇ ನಿಲ್ಲಿಸುತ್ತಿದ್ದೆವಲ್ಲಾ!

ಹೂಜಿ ನಿಧಾನವಾಗಿ ಬಗ್ಗಿತು. ನೀರು ತಾಗಿದ ಕೂಡಲೇ ಚೌರಪ್ಪ ಬೆಂಕಿ ಸೋಕಿದವನಂತೆ ಕಾಲೆಳೆದುಕೊಂಡ. ಸ್ವಾಮಿಗಳು ಬಿಡಲಿಲ್ಲ. ಕೆಸರು ಹೋಗುವವರೆಗೂ ತೊಳೆದು, ಒರೆಸಿ, ಮುತ್ತಿಟ್ಟರು. ಅವನು ಯಾರ ಮುಖವನ್ನೂ ನೋಡದೆ ಎದ್ದು ಹೋದ. 'ತಪ್ಪಾಯ್ತು' ಎಂಬ ಮಾತು ಆಗಲೂ ಬರಲಿಲ್ಲ.

ಯೇಸುಸ್ವಾಮಿ ಮತ್ತೆ ಎದ್ದುಬಂದ ಪಾಸ್ಕ ಹಬ್ಬ ಕಳೆದು ಎರಡು ವಾರಕ್ಕೆ ನಮ್ಮ ಹೊಸ ಬೆಳೆಯ ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದವು. ಆ ಹಂತದಲ್ಲಿ ಅವುಗಳ ಹಸಿವು ಕೇಳಬಾರದು. ನಮ್ಮ ತೋಟದ ಸೊಪ್ಪು ಮುಗಿದುಹೋಯಿತು. ಊರಲ್ಲಿ ನಾವು ಕೇಳಿದ ಯಾರ ಬಳಿಯೂ ಕೊಡುವಷ್ಟು ಸೊಪ್ಪು ಇರಲಿಲ್ಲ. ಅಪ್ಪ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಬಾಗಿಲು ಕತ್ತಲಾಯಿತು. ಚೌರಪ್ಪ, ತಲೆಯ ಮೇಲೆ ತನ್ನ ತೋಟದ ಸೊಪ್ಪಿನ ಕುಕ್ಕೆ! ಕುಕ್ಕೆ ಇಳಿಸಿ ನಿಂತ.

ಅದೇ ಕೈ, ಅದೇ ಸೊಪ್ಪು, ಇದೇ ಕೊನೆಯ ಬೆಳೆ. ಅಪ್ಪ ಒಂದು ಹಿಡಿ ಸೊಪ್ಪು ತೆಗೆದುಕೊಂಡರು. ಮೂಗಿನ ಹತ್ತಿರ ಒಯ್ಯಲಿಲ್ಲ. ನನ್ನ ಕೈಗಿಟ್ಟು, "ಹಾಕಮ್ಮಾ," ಎಂದರು.

ನಾನೂ ಮೂಸಲಿಲ್ಲ. ತಟ್ಟೆಗಳಿಗೆ ಹರವಿದೆ. ಹುಳುಗಳು ಮೇಯತೊಡಗಿದವು. ಅವು ಮೇಯುವುದನ್ನು ನೋಡುತ್ತ ಬಾಗಿಲಲ್ಲೇ ಕುಸಿದು ಕೂತ ಚೌರಪ್ಪ, ಹೆಗಲ ವಸ್ತ್ರ ಮುಖಕ್ಕೊತ್ತಿಕೊಂಡು, "ತಪ್ಪಾಯ್ತು ಇನ್ನಾಸಣ್ಣ," ಎಂದ.

"ನಾಳೆಗೂ ಸೊಪ್ಪು ಬೇಕು ಕಣಪ್ಪಾ," ಎಂದರು ಅಪ್ಪ. "ಬೆಳಿಗ್ಗೆನೇ ತಗೊಂಬಾ."

ಆ ಬೆಳೆಯಲ್ಲೇ ನನ್ನ ಮದುವೆಯಾಯಿತು. ಮರುವರ್ಷ ಪವಿತ್ರ ಗುರುವಾರಕ್ಕೆ ತವರಿಗೆ ಬಂದವಳು ನೋಡುತ್ತೇನೆ, ಹನ್ನೆರಡನೆಯ ಸ್ಟೂಲಿನ ಮೇಲೆ ನಮ್ಮಪ್ಪ ಕೂತಿದ್ದಾರೆ. ಸ್ವಾಮಿಗಳು ಅವರ ಮುಂದೆ ಮಂಡಿಯೂರಿದ್ದಾರೆ. ಹೂಜಿ ಹಿಡಿದು ನೀರು ಹೊಯ್ಯುತ್ತಿದ್ದವನು ಚೌರಪ್ಪ.